ಕಾಣದ ಬೆಳಕಿನಲ್ಲಿ ಕಾಣುವ ತಾರಾಲೋಕಗಳು



ಈಚಿನ ವರ್ಷಗಳಲ್ಲಿ ವೃತ್ತಪತ್ರಿಕೆಗಳಲ್ಲಿಯೂ, ಮಕ್ಕಳ ಪಾಠದ ಪುಸ್ತಕಗಳಲ್ಲಿಯೂ, ಅಂಗೈಯಲ್ಲಿ ಹಿಡಿಯುವ ಫೋನುಗಳಲ್ಲಿಯೂ ದೂರದ ತಾರಾಲೋಕಗಳ ಚಿತ್ರಗಳು ಹೇರಳವಾಗಿ ಕಂಡುಬರುತ್ತಿವೆ. ಕೆಂಡದ ಸುರುಳಿಯಂತಹವು ಕೆಲವು, ನವಿಲುಗರಿಯ ನೀಲಿಯನ್ನು ಹೊತ್ತವು ಕೆಲವು. ಇವುಗಳನ್ನು ನೋಡಿದ ತಾಯಿತಂದೆಗಳು ಮುಖ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುವುದುಂಟು. ಮೊದಲನೆಯದು: ಆಕಾಶವನ್ನು ನೋಡುವುದಕ್ಕೆ ನೆಲದ ಮೇಲಿನ ದುರ್ಬೀನು ಸಾಲದೇ? ಅಷ್ಟೊಂದು ಹಣವನ್ನು ವೆಚ್ಚಮಾಡಿ ಅದನ್ನು ಆಕಾಶಕ್ಕೇ ಏರಿಸಬೇಕಾದುದೇಕೆ? ಎರಡನೆಯದು: ಆ ಬಣ್ಣಗಳು ನಿಜವಾದುವೋ, ಅಥವಾ ಯಾರೋ ಕುಳಿತು ಬಳಿದುವೋ? ಈ ಎರಡನೆಯ ಪ್ರಶ್ನೆಯು ಮಕ್ಕಳ ಬಾಯಿಗೆ ಬರುವ ಹೊತ್ತಿಗೆ ಪ್ರಶ್ನೆಯಾಗಿ ಉಳಿಯದೆ, ‘ಅವೆಲ್ಲವೂ ಬಣ್ಣ ಬಳಿದ ಸುಳ್ಳು’ ಎಂಬ ತೀರ್ಪಾಗಿಬಿಡುತ್ತದೆ. ಕಂಡದ್ದೆಲ್ಲವನ್ನೂ ನಂಬುವ ಮಗುವೂ, ಯಾವುದನ್ನೂ ನಂಬದಿರುವ ಮಗುವೂ ವಿಚಾರಿಸುವುದನ್ನು ಬಿಟ್ಟ ಮಗುವೇ ಸರಿ. ಆದಕಾರಣ ಈ ಎರಡು ಪ್ರಶ್ನೆಗಳಿಗೂ ನಮಗೆ ತಿಳಿದಮಟ್ಟಿಗೆ ಇಲ್ಲಿ ಉತ್ತರವನ್ನು ಹೇಳಲು ಯತ್ನಿಸುವೆವು.

ಮೊದಲು ಗೆಲಾಕ್ಸಿಯೆಂದರೇನೆಂಬುದನ್ನು ತಿಳಿಯೋಣ. ಕೋಟ್ಯನುಕೋಟಿ ನಕ್ಷತ್ರಗಳೂ, ಅವುಗಳ ನಡುವಣ ಅನಿಲವೂ ಧೂಳೂ ಪರಸ್ಪರ ಆಕರ್ಷಣೆಯಿಂದ ಒಂದಾಗಿ ಕೂಡಿರುವ ಮಹಾಕೂಟಕ್ಕೆ ಗೆಲಾಕ್ಸಿಯೆಂದು ಹೆಸರು. ನಮ್ಮ ಸೂರ್ಯನು ಇಂತಹ ಒಂದು ಕೂಟದ ಸಾಮಾನ್ಯ ಸದಸ್ಯನು. ಅದನ್ನೇ ನಾವು ಆಕಾಶಗಂಗೆಯೆಂದು ಕರೆಯುವೆವು. ಇತರ ಗೆಲಾಕ್ಸಿಗಳಲ್ಲಿ ನಮ್ಮ ಸೀಮೆಯಿಂದ ಬರಿಗಣ್ಣಿಗೆ ಕಾಣಸಿಗುವುದು ಆಂಡ್ರೊಮೀಡಾ ಎಂಬುದು. ಕಾರ್ತಿಕ ಮಾಸದ ಸುಮಾರಿಗೆ, ನವೆಂಬರ್ ತಿಂಗಳ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳಲ್ಲಿ, ಕಡಗಂಚಿಯಿಂದ ಆಳಂದದ ಕಡೆಗೆ ಹೋಗುವ ದಾರಿಯಲ್ಲಿ ವಿದ್ಯುದ್ದೀಪಗಳು ಹಿಂದೆ ಉಳಿದ ಬಯಲಿನಲ್ಲಿ ನಿಂತು ನೆತ್ತಿಯ ಕಡೆಗೆ ನೋಡಿದರೆ, ಪೂರ್ವಾಭಾದ್ರ ಉತ್ತರಾಭಾದ್ರಗಳ ನಾಲ್ಕು ನಕ್ಷತ್ರಗಳಿಂದಾದ ದೊಡ್ಡದೊಂದು ಚೌಕವು ಕಾಣುವುದು. ಅದರ ಈಶಾನ್ಯ ಮೂಲೆಯ ನಕ್ಷತ್ರದಿಂದ ಈಶಾನ್ಯದ ಕಡೆಗೇ ಎರಡು ನಕ್ಷತ್ರಗಳಷ್ಟು ಸರಿದು, ಅಲ್ಲಿಂದ ಉತ್ತರಕ್ಕೆ ಹೊರಳಿ ಎರಡು ಸಣ್ಣ ನಕ್ಷತ್ರಗಳನ್ನು ದಾಟಿದರೆ, ಬೆರಳಿನಿಂದ ಒರಸಿದಂತಿರುವ ಮಬ್ಬಾದ ಬೆಳಕಿನ ಕಲೆಯೊಂದು ಕಂಡೀತು. ಅದೇ ಆಂಡ್ರೊಮೀಡಾ. ಕ್ರಿ. ಶ. ೯೬೪ರಲ್ಲಿಯೇ ಪಾರಸಿಕ ದೇಶದ ಅಲ್ ಸೂಫಿಯೆಂಬ ಜ್ಯೋತಿಷಜ್ಞನು ಅದನ್ನು ಚಿಕ್ಕದೊಂದು ಮೋಡವೆಂದು ಬರೆದಿಟ್ಟಿದ್ದನು.

ಆ ಮೋಡವು ನಮ್ಮ ಆಕಾಶಗಂಗೆಯ ಒಳಗಿನದೋ ಹೊರಗಿನದೋ ಎಂಬ ವಾದವು ಬಹುಕಾಲ ನಡೆಯಿತು. ೧೯೧೨ರಲ್ಲಿ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿದ್ದ ಹೆನ್ರಿಯೆಟ್ಟಾ ಲೆವಿಟ್ ಎಂಬ ಮಹಿಳೆಯು, ಏರಿಳಿಯುವ ಬೆಳಕುಳ್ಳ ಒಂದು ಜಾತಿಯ ನಕ್ಷತ್ರಗಳಲ್ಲಿ ಆ ಏರಿಳಿತಕ್ಕೆ ಹಿಡಿಯುವ ಕಾಲಕ್ಕೂ ನಕ್ಷತ್ರದ ನಿಜವಾದ ಪ್ರಕಾಶಕ್ಕೂ ಸಂಬಂಧವುಂಟೆಂಬ ನಿಯಮವನ್ನು ಪ್ರಕಟಿಸಿದಳು. ೧೯೨೩ರಲ್ಲಿ ಎಡ್ವಿನ್ ಹಬಲ್ ಎಂಬಾತನು ಅದೇ ಜಾತಿಯ ನಕ್ಷತ್ರವನ್ನು ಆಂಡ್ರೊಮೀಡಾದಲ್ಲಿ ಗುರುತಿಸಿ, ಲೆವಿಟ್ಟಳ ನಿಯಮವನ್ನೇ ಅಳತೆಗೋಲಾಗಿ ಹಿಡಿದು, ಅದು ನಮ್ಮ ಆಕಾಶಗಂಗೆಯಿಂದ ಬಹುದೂರದಲ್ಲಿರುವ ಬೇರೊಂದು ಗೆಲಾಕ್ಸಿಯೆಂದು ಸಿದ್ಧಪಡಿಸಿದನು. ಅದರ ದೂರವು ಸುಮಾರು ೨೫ ಲಕ್ಷ ಜ್ಯೋತಿರ್ವರ್ಷಗಳೆಂದು ಈಗ ಗೊತ್ತಾಗಿದೆ. ಎಂದರೆ, ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರು ಧಾವಿಸುವ ಬೆಳಕು ಅಲ್ಲಿಂದ ನಮ್ಮ ಕಣ್ಣನ್ನು ಮುಟ್ಟಲು ೨೫ ಲಕ್ಷ ವರ್ಷಗಳು ಬೇಕು. ನಾವು ಕಾಣುವುದು ಅಂದಿನ ಆಂಡ್ರೊಮೀಡಾವನ್ನೇ ಹೊರತು ಇಂದಿನದನ್ನಲ್ಲ.

ಇಷ್ಟು ದೂರದ ವಸ್ತುವನ್ನು ಕುರಿತು ನಮಗೆ ಸುದ್ದಿಯನ್ನು ತರುವ ದೂತನು ಮುಖ್ಯವಾಗಿ ಬೆಳಕೊಂದೇ. ಆದರೆ ಬೆಳಕು ಎಂದೊಡನೆ ಕಣ್ಣಿಗೆ ಕಾಣುವುದಷ್ಟೇ ಎಂದು ಭಾವಿಸುವುದು ನಮ್ಮ ರೂಢಿ. ೧೮೦೦ರಲ್ಲಿ ಇಂಗ್ಲೆಂಡಿನಲ್ಲಿದ್ದ ವಿಲಿಯಂ ಹರ್ಷಲ್ ಎಂಬ ಖಗೋಳವಿಜ್ಞಾನಿಯು ಸೂರ್ಯನ ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ, ಒಡೆದ ಏಳು ಬಣ್ಣಗಳಲ್ಲಿ ಉಷ್ಣಮಾಪಕವನ್ನಿಟ್ಟು ನೋಡಿದನು. ಕೆಂಪು ಬಣ್ಣವು ಮುಗಿದ ಆಚೆಗೆ, ಏನೂ ಕಾಣದಿದ್ದ ಎಡೆಯಲ್ಲಿಟ್ಟಾಗಲೂ ಪಾದರಸವು ಮೇಲೇರಿತು. ಹೀಗೆ ಅವಕೆಂಪು ಕಿರಣಗಳು ಪತ್ತೆಯಾದುವು. ಮರುವರ್ಷವೇ ಜರ್ಮನಿಯ ರಿಟ್ಟರ್ ಎಂಬಾತನು ಬೆಳ್ಳಿಯ ಲವಣವೊಂದನ್ನು ನೇರಳೆ ಬಣ್ಣದ ಆಚೆಗೆ ಇಟ್ಟಾಗ ಅದು ಬೇಗನೆ ಕಪ್ಪಾದುದನ್ನು ಕಂಡು, ಆ ಕಡೆಯಲ್ಲಿಯೂ ಕಾಣದ ಕಿರಣಗಳಿರುವುವೆಂದು ತಿಳಿಸಿದನು. ಅವೇ ನೇರಳಾತೀತ ಕಿರಣಗಳು. ಅವುಗಳ ಆಚೆಗೆ ಕ್ಷ-ಕಿರಣಗಳೂ ಗಾಮಾ ಕಿರಣಗಳೂ, ಅವಕೆಂಪಿನ ಆಚೆಗೆ ರೇಡಿಯೋ ತರಂಗಗಳೂ ಇರುವುವೆಂಬುದು ಮುಂದೆ ತಿಳಿದುಬಂತು.

ಇವೆಲ್ಲವೂ ಒಂದೇ ಮನೆತನದ ಮಕ್ಕಳು. ಬೆಳಕು ಅಲೆಯಂತೆ ಚಲಿಸುವುದು. ಒಂದು ಅಲೆಯ ತುದಿಯಿಂದ ಮುಂದಿನ ಅಲೆಯ ತುದಿಗಿರುವ ಅಂತರಕ್ಕೆ ತರಂಗಾಂತರವೆಂದು ಹೆಸರು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರು. ನೇರಳೆ ಬಣ್ಣದ ತರಂಗಾಂತರವು ಸುಮಾರು ೪೦೦ ನ್ಯಾನೋಮೀಟರು, ಕೆಂಪಿನದು ಸುಮಾರು ೭೦೦. ಪ್ರಾರ್ಥನೆಯ ವೇಳೆಗೆ ನಾವು ನುಡಿಸುವ ಹಾರ್ಮೋನಿಯಂ ಪೆಟ್ಟಿಗೆಯನ್ನು ನೆನೆಯಿರಿ. ಕೆಳಗಿನ ಷಡ್ಜದಿಂದ ಮೇಲಿನ ಷಡ್ಜಕ್ಕೆ ಹೋದರೆ ಕಂಪನವು ಇಮ್ಮಡಿಯಾಗುವುದು. ಅಷ್ಟಕ್ಕೆ ಒಂದು ಸಪ್ತಕ. ಕೆಂಪಿನಿಂದ ನೇರಳೆಗೆ ಬಂದರೆ ಕಂಪನವು ಇಮ್ಮಡಿಯೂ ಆಗುವುದಿಲ್ಲ. ಎಂದರೆ, ನಮ್ಮ ಕಣ್ಣು ಬಲ್ಲ ಬೆಳಕು ಒಂದು ಸಪ್ತಕಕ್ಕೂ ಕಡಿಮೆ. ರೇಡಿಯೋ ತರಂಗಗಳಿಂದ ಗಾಮಾ ಕಿರಣಗಳವರೆಗೆ ಬೆಳಕಿನ ಪೆಟ್ಟಿಗೆಯಲ್ಲಿ ನಲವತ್ತಕ್ಕೂ ಹೆಚ್ಚು ಸಪ್ತಕಗಳುಂಟು. ಅಷ್ಟು ಮನೆಗಳಲ್ಲಿ ಒಂದು ಸಪ್ತಕವನ್ನೂ ಪೂರ್ತಿಯಾಗಿ ಕೇಳಲಾರದವನು ಸಂಗೀತವನ್ನೆಲ್ಲ ಕೇಳಿದೆನೆಂದರೆ ಹೇಗೋ, ಕಣ್ಣಿಗೆ ಕಂಡಷ್ಟನ್ನೇ ಆಕಾಶವೆಂದು ತಿಳಿಯುವುದೂ ಹಾಗೆಯೇ.

ಯಾವ ವಸ್ತುವು ಯಾವ ಬೆಳಕನ್ನು ಹೆಚ್ಚಾಗಿ ಸೂಸುವುದೆಂಬುದು ಬಹುಮಟ್ಟಿಗೆ ಅದರ ಶಾಖವನ್ನು ಅವಲಂಬಿಸಿದೆ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣವು ಮೊದಲು ಕೆಂಪಗೆ ಕಾಯುವುದು, ಇನ್ನೂ ಕಾಸಿದರೆ ಹಳದಿಗೆ ತಿರುಗಿ, ಬಳಿಕ ಬೆಳ್ಳಗಾಗುವುದು. ಕುಲುಮೆಗೆ ಹಾಕುವ ಮೊದಲು ಅದು ಏನನ್ನೂ ಸೂಸುತ್ತಿರಲಿಲ್ಲವೆಂದು ತಿಳಿಯಬಾರದು. ಆಗ ಅದು ಸೂಸುತ್ತಿದ್ದುದು ಅವಕೆಂಪನ್ನು. ನಮ್ಮ ದೇಹಗಳೂ ಹಗಲಿರುಳು ಅವಕೆಂಪಿನಲ್ಲಿ ಬೆಳಗುತ್ತಲೇ ಇರುವುವು. ಸೂರ್ಯನ ಮೇಲ್ಮೈ ಸುಮಾರು ೫೫೦೦ ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಯಾಗಿರುವುದರಿಂದ ಅವನ ಬೆಳಕಿನ ಬಹುಭಾಗ ಕಾಣುವ ಬಣ್ಣಗಳಲ್ಲಿಯೂ ಅವಕೆಂಪಿನಲ್ಲಿಯೂ ಬರುವುದು. ಅದಕ್ಕಿಂತ ಹಲವು ಪಟ್ಟು ಬಿಸಿಯಾದ, ಹೊಸದಾಗಿ ಹುಟ್ಟಿದ ದೊಡ್ಡ ನಕ್ಷತ್ರಗಳು ನೇರಳಾತೀತದಲ್ಲಿ ಉಜ್ವಲವಾಗಿರುವುವು. ನಕ್ಷತ್ರಗಳ ನಡುವಣ ತಣ್ಣನೆಯ ಧೂಳು ಅವಕೆಂಪಿನಲ್ಲಿ ಮಾತ್ರ ಬೆಳಗುವುದು. ಹತ್ತಾರು ಲಕ್ಷ, ಕೋಟಿ ಡಿಗ್ರಿಗಳಿಗೆ ಕಾದ ಅನಿಲವು ಕ್ಷ-ಕಿರಣಗಳನ್ನು ಸೂಸುವುದು. ಆದುದರಿಂದ ಒಂದು ಗೆಲಾಕ್ಸಿಯನ್ನು ಒಂದೇ ಬೆಳಕಿನಲ್ಲಿ ನೋಡುವುದೆಂದರೆ, ಒಂದು ಊರಿನಲ್ಲಿ ಒಂದೇ ವಯಸ್ಸಿನವರನ್ನು ಮಾತ್ರ ಎಣಿಸಿ ಊರಿನ ಖಾನೇಷುಮಾರಿ ಮುಗಿಯಿತೆಂದಂತೆ.

ಇನ್ನು ಮೊದಲನೆಯ ಪ್ರಶ್ನೆಗೆ ಬರೋಣ. ಈ ಹಲವು ಬೆಳಕುಗಳು ಆಕಾಶದಿಂದ ಎಡೆಬಿಡದೆ ಸುರಿಯುತ್ತಿರುವುವಾದರೂ, ಭೂಮಿಯನ್ನು ಹೊದ್ದಿರುವ ವಾಯುಮಂಡಲವು ಅವುಗಳಲ್ಲಿ ಹೆಚ್ಚಿನವುಗಳನ್ನು ನೆಲಕ್ಕೆ ಇಳಿಯಗೊಡುವುದಿಲ್ಲ. ಸುಮಾರು ೩೦೦ ನ್ಯಾನೋಮೀಟರಿಗಿಂತ ಕಿರಿದಾದ ನೇರಳಾತೀತವನ್ನು ಓಝೋನ್ ಮೊದಲಾದ ಅನಿಲಗಳು ತಡೆಯುವುವು. ಕ್ಷ-ಕಿರಣಗಳೂ ಗಾಮಾ ಕಿರಣಗಳೂ ಗಾಳಿಯ ಮೇಲಿನ ಪದರಗಳಲ್ಲಿಯೇ ಅಡಗಿಹೋಗುವುವು. ಅವಕೆಂಪಿನ ಬಹುಪಾಲನ್ನು ನೀರಿನ ಆವಿಯು ಹೀರಿಕೊಳ್ಳುವುದು. ಕಾಣುವ ಬೆಳಕಿಗೂ, ರೇಡಿಯೋ ತರಂಗಗಳಲ್ಲಿ ಒಂದು ದೊಡ್ಡ ಪಾಲಿಗೂ ಮಾತ್ರ ಬಾಗಿಲು ತೆರೆದಿದೆ. ಈ ಪರದೆಯು ಇಲ್ಲದಿದ್ದಲ್ಲಿ ನೆಲದ ಮೇಲಣ ಹುಲ್ಲಾಗಲಿ ಪಶುವಾಗಲಿ ಮನುಷ್ಯನಾಗಲಿ ಈಗಿನಂತೆ ಬಾಳುವುದು ಸಾಧ್ಯವಾಗುತ್ತಿರಲಿಲ್ಲವಾದ್ದರಿಂದ, ಇದನ್ನು ಸೃಷ್ಟಿಕರ್ತನ ಕರುಣೆಯೆಂದೇ ನಾವು ಎಣಿಸುವೆವು. ಆದರೆ ತಾರಾಲೋಕವನ್ನು ಪೂರ್ಣವಾಗಿ ಅರಿಯಬಯಸುವವನು ಈ ಪರದೆಯ ಆಚೆಗೆ ಹೋಗಿಯೇ ನೋಡಬೇಕು.

ಎತ್ತರದ ಬೆಟ್ಟಗಳನ್ನು ಏರಿದರೆ ಸ್ವಲ್ಪ ಅನುಕೂಲವಾಗುವುದು ನಿಜ. ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯವರು ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು ೪೫೦೦ ಮೀಟರು ಎತ್ತರದಲ್ಲಿ, ೨ ಮೀಟರು ಅಗಲದ ಕನ್ನಡಿಯುಳ್ಳ ದೂರದರ್ಶಕವನ್ನು ಸ್ಥಾಪಿಸಿದ್ದಾರೆ. ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತು, ಉಪಗ್ರಹದ ಸಂಪರ್ಕದ ಮೂಲಕ ಅದನ್ನು ನಡೆಸುವ ಏರ್ಪಾಡುಂಟು. ಅಲ್ಲಿಯ ಗಾಳಿಯು ವಿರಳವಾಗಿಯೂ ಒಣಗಿಯೂ ಇರುವುದರಿಂದ ಅವಕೆಂಪಿನ ಕೆಲಭಾಗ ದೊರೆಯುವುದು. ಆದರೆ ನೇರಳಾತೀತಕ್ಕೂ ಕ್ಷ-ಕಿರಣಕ್ಕೂ ಹಿಮಾಲಯವೂ ಸಾಕಷ್ಟು ಎತ್ತರವಲ್ಲ. ಆದ್ದರಿಂದಲೇ ೧೯೪೬ರಲ್ಲಿ ಅಮೆರಿಕದ ಲೈಮನ್ ಸ್ಪಿಟ್ಜರ್ ಎಂಬ ವಿಜ್ಞಾನಿಯು, ಮನುಷ್ಯನು ಇನ್ನೂ ಒಂದು ಉಪಗ್ರಹವನ್ನೂ ಹಾರಿಸದಿದ್ದ ಕಾಲದಲ್ಲಿ, ವಾಯುಮಂಡಲದ ಹೊರಗೆ ದೂರದರ್ಶಕವನ್ನಿಡಬೇಕೆಂದು ಬರೆದನು. ಆ ಯೋಚನೆಯನ್ನು ಕಾರ್ಯಕ್ಕೆ ತಂದವರಲ್ಲಿ ಅಗ್ರಗಣ್ಯಳು ನಾಸಾ ಸಂಸ್ಥೆಯ ಖಗೋಳವಿಭಾಗದ ಮೊದಲ ಮುಖ್ಯಸ್ಥೆಯಾಗಿದ್ದ ನ್ಯಾನ್ಸಿ ಗ್ರೇಸ್ ರೋಮನ್. ೧೯೯೦ರ ಏಪ್ರಿಲಿನಲ್ಲಿ ೨.೪ ಮೀಟರಿನ ಕನ್ನಡಿಯುಳ್ಳ ಹಬಲ್ ದೂರದರ್ಶಕವು ಮೇಲೇರಿತು. ಕನ್ನಡಿಯ ಅಂಚನ್ನು ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆಯಾದ ಪ್ರಮಾಣದಲ್ಲಿ ಹೆಚ್ಚಾಗಿ ಉಜ್ಜಿದ್ದರಿಂದ ಮೊದಲು ಚಿತ್ರಗಳು ಮಸುಕಾಗಿ ಬಂದುವು. ೧೯೯೩ರ ಡಿಸೆಂಬರಿನಲ್ಲಿ ಯಾತ್ರಿಗಳು ಹೋಗಿ ಅದಕ್ಕೆ ಕನ್ನಡಕ ಹಾಕಿದಂತೆ ತಿದ್ದುಪಡಿಯ ಉಪಕರಣಗಳನ್ನು ಜೋಡಿಸಿ ಬಂದರು.

ಹಬಲ್ ಮುಖ್ಯವಾಗಿ ನೋಡುವುದು ಕಾಣುವ ಬೆಳಕನ್ನೂ ಅದರ ಎರಡು ಪಕ್ಕದ ಸ್ವಲ್ಪ ಭಾಗವನ್ನೂ. ಬೇರೆ ಬೆಳಕುಗಳಿಗೆ ಬೇರೆ ಬಗೆಯ ಯಂತ್ರಗಳೇ ಬೇಕು. ಕ್ಷ-ಕಿರಣವು ಸಾಮಾನ್ಯ ಕನ್ನಡಿಗೆ ನೇರವಾಗಿ ಬಡಿದರೆ ಹಿಂದಿರುಗದೆ ಒಳಹೊಕ್ಕು ಅಡಗುವುದು. ಆದರೆ ಕೆರೆಯ ನೀರಿನ ಮೇಲೆ ಚಪ್ಪಟೆಯಾದ ಬಿಲ್ಲೆಕಲ್ಲನ್ನು ಓರೆಯಾಗಿ ಎಸೆದಾಗ ಅದು ಮುಳುಗದೆ ಹೇಗೆ ಜಿಗಿಯುತ್ತ ಸಾಗುವುದೋ, ಹಾಗೆಯೇ ಕ್ಷ-ಕಿರಣವೂ ನುಣುಪಾದ ಲೋಹದ ಮೈಯನ್ನು ತೀರ ಓರೆಯಾಗಿ ಸವರಿದರೆ ಜಾರಿ ಮುಂದಕ್ಕೆ ಹೋಗುವುದು. ಆದ್ದರಿಂದ ಕ್ಷ-ಕಿರಣದ ಕನ್ನಡಿಗಳನ್ನು ತಟ್ಟೆಯಂತಲ್ಲದೆ, ಒಂದರೊಳಗೊಂದು ಕೂರಿಸಿದ ಕೊಳವೆಗಳಂತೆ ರಚಿಸುವರು. ೧೯೯೯ರ ಜುಲೈಯಲ್ಲಿ ಮೇಲೇರಿದ ‘ಚಂದ್ರ’ ಎಂಬ ವೀಕ್ಷಣಾಲಯವು ಈ ಬಗೆಯದು. ಮದ್ರಾಸಿನಲ್ಲಿ ಓದಿ, ನಕ್ಷತ್ರಗಳ ಅಂತ್ಯಾವಸ್ಥೆಯನ್ನು ಲೆಕ್ಕದಿಂದ ತಿಳಿಸಿ, ೧೯೮೩ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರನ್ನೇ ಅದಕ್ಕೆ ಇಟ್ಟಿರುವರು.

ಅವಕೆಂಪಿನ ಕಷ್ಟವು ಮತ್ತೊಂದು ಬಗೆಯದು. ಯಂತ್ರವೇ ಬೆಚ್ಚಗಿದ್ದರೆ ಅದು ತಾನೇ ಅವಕೆಂಪಿನಲ್ಲಿ ಬೆಳಗಿ, ನೋಡಬೇಕಾದ ವಸ್ತುವನ್ನು ಮರೆಸಿಬಿಡುವುದು. ಉರಿಯುವ ದೀಪವನ್ನು ಕಣ್ಣಿನ ಮುಂದೆಯೇ ಹಿಡಿದುಕೊಂಡು ಕತ್ತಲೆಯಲ್ಲಿ ಹುಡುಕಿದ ಹಾಗೆ. ಆದಕಾರಣ ೨೦೨೧ರ ಕ್ರಿಸ್ತಜಯಂತಿಯ ದಿನವೇ, ಡಿಸೆಂಬರ್ ೨೫ರಂದು, ಮೇಲೇರಿದ ಜೇಮ್ಸ್ ವೆಬ್ ದೂರದರ್ಶಕವನ್ನು ಭೂಮಿಯಿಂದ ಸುಮಾರು ೧೫ ಲಕ್ಷ ಕಿಲೋಮೀಟರು ದೂರಕ್ಕೆ ಕಳುಹಿಸಿ, ಐದು ಪದರಗಳ ಬಿಸಿಲುಮರೆಯ ನೆರಳಿನಲ್ಲಿ ಸೊನ್ನೆಗಿಂತ ೨೦೦ ಡಿಗ್ರಿಗೂ ಕೆಳಗಿನ ತಣ್ಪಿನಲ್ಲಿ ಇರಿಸಿದ್ದಾರೆ. ಚಿನ್ನದ ಲೇಪವುಳ್ಳ ಆರು ಮೂಲೆಯ ೧೮ ಕನ್ನಡಿಗಳು ಕೂಡಿ ಅದರ ೬.೫ ಮೀಟರಿನ ಕನ್ನಡಿಯಾಗಿದೆ.

ಈ ವಿಷಯದಲ್ಲಿ ಕನ್ನಡನಾಡಿನ ಪಾತ್ರವು ಅಲ್ಪವಾದುದಲ್ಲ. ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ ಜೋಡಣೆಗೊಂಡ ಆಸ್ಟ್ರೋಸ್ಯಾಟ್ ಎಂಬ ಉಪಗ್ರಹವು ೨೦೧೫ರ ಸೆಪ್ಟೆಂಬರ್ ೨೮ರಂದು ಶ್ರೀಹರಿಕೋಟೆಯಿಂದ ಏರಿ, ಸುಮಾರು ೬೫೦ ಕಿಲೋಮೀಟರು ಎತ್ತರದ ಕಕ್ಷೆಯನ್ನು ಸೇರಿತು. ಖಗೋಳವೀಕ್ಷಣೆಗೆಂದೇ ಭಾರತವು ಮುಡಿಪಾಗಿಟ್ಟ ಮೊದಲ ಉಪಗ್ರಹವಿದು. ಐದು ವರ್ಷ ಬಾಳಲೆಂದು ಕಟ್ಟಿದ ಇದಕ್ಕೆ ೨೦೨೫ರ ಸೆಪ್ಟೆಂಬರಿಗೆ ಹತ್ತು ವರ್ಷಗಳು ತುಂಬಿದುವು. ಇದರ ವಿಶೇಷವೇನೆಂದರೆ, ಒಂದೇ ವಸ್ತುವನ್ನು ಒಂದೇ ವೇಳೆಯಲ್ಲಿ ನೇರಳಾತೀತದಲ್ಲಿಯೂ ಕ್ಷ-ಕಿರಣಗಳ ಹಲವು ಮೆಟ್ಟಿಲುಗಳಲ್ಲಿಯೂ ನೋಡುವಂತೆ ಬೇರೆಬೇರೆ ಯಂತ್ರಗಳನ್ನು ಒಂದೇ ಉಪಗ್ರಹದಲ್ಲಿ ಜೋಡಿಸಿರುವುದು. ಕ್ಷ-ಕಿರಣದ ಯಂತ್ರಗಳಲ್ಲಿ ಹೆಚ್ಚಿನವನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ನಿರ್ಮಿಸಿದರು. ನೇರಳಾತೀತದ ಯಂತ್ರವನ್ನು ಬೆಂಗಳೂರಿನ ಖಗೋಳಭೌತ ಸಂಸ್ಥೆಯವರು ಪುಣೆ, ಮುಂಬಯಿ, ಇಸ್ರೋ ಮತ್ತು ಕೆನಡಾ ದೇಶದವರ ಸಹಕಾರದಿಂದ ಹೊಸಕೋಟೆಯ ಪ್ರಯೋಗಾಲಯದಲ್ಲಿ ಸಿದ್ಧಗೊಳಿಸಿದರು. ಸುಮಾರು ೩೮ ಸೆಂಟಿಮೀಟರಿನ ಎರಡು ದೂರದರ್ಶಕಗಳು ಅದರಲ್ಲಿ ಅವಳಿಜವಳಿಯಾಗಿವೆ. ಆಕಾಶದಲ್ಲಿ ಪೂರ್ಣಚಂದ್ರನು ಆವರಿಸುವಷ್ಟು ಅಗಲವನ್ನು ಅದು ಒಮ್ಮೆಗೇ ನೋಡಬಲ್ಲುದು. ಅದಕ್ಕೆ ಮೊದಲು ನೇರಳಾತೀತದಲ್ಲಿ ಆಕಾಶವನ್ನೆಲ್ಲ ಸರ್ವೆ ಮಾಡಿದ್ದ ಗ್ಯಾಲೆಕ್ಸ್ ಎಂಬ ಅಮೆರಿಕದ ದೂರದರ್ಶಕಕ್ಕಿಂತ ಇದರ ಚಿತ್ರವು ಸುಮಾರು ಮೂರು ಪಟ್ಟು ಸ್ಫುಟವಾದುದು. ೨೦೧೮ರಲ್ಲಿ ಇದರ ಮೂರು ವಾಹಿನಿಗಳಲ್ಲಿ ಒಂದು ಕೆಲಸ ನಿಲ್ಲಿಸಿತು. ಆದರೂ ಉಳಿದುವು ಕಾರ್ಯವನ್ನು ಮುಂದುವರಿಸಿದುವು.

ಬೇರೆಬೇರೆ ಬೆಳಕಿನಿಂದ ಏನು ಲಾಭವೆಂಬುದನ್ನು ಆಂಡ್ರೊಮೀಡಾದಲ್ಲಿಯೇ ನೋಡಬಹುದು. ಕಾಣುವ ಬೆಳಕಿನಲ್ಲಿ ಅದು ನಡುವೆ ಹಳದಿಯಾಗಿ ಉಬ್ಬಿದ, ಅಂಚಿನ ಕಡೆಗೆ ತಿಳಿನೀಲಿಯಾದ ಓರೆ ತಟ್ಟೆಯಂತಿದೆ. ಮುದಿ ನಕ್ಷತ್ರಗಳು ನಡುವೆ ನೆರೆದಿವೆ. ನೇರಳಾತೀತದಲ್ಲಿ ನೋಡಿದರೆ ಆ ಉಬ್ಬಿನ ವೈಭವವು ಬಹಳ ಕುಂದಿ, ಅದರ ಸುತ್ತ ಬಳೆಯಂತಹ ಉಂಗುರಗಳು ಎದ್ದು ತೋರುವುವು. ಅವು ಹೊಸ ನಕ್ಷತ್ರಗಳು ಹುಟ್ಟುತ್ತಿರುವ ತೊಟ್ಟಿಲುಗಳು. ಅವಕೆಂಪಿನಲ್ಲಿ ನೋಡಿದರೆ, ಕಾಣುವ ಬೆಳಕಿನಲ್ಲಿ ಕಪ್ಪು ಪಟ್ಟಿಗಳಾಗಿದ್ದ ಧೂಳೇ ಬೆಳಗುವುದು. ತೊಟ್ಟಿಲಿನ ಹಾಸಿಗೆಯು ಯಾವುದೆಂಬುದು ಆಗ ತಿಳಿಯುವುದು. ಕ್ಷ-ಕಿರಣದಲ್ಲಿ ತಟ್ಟೆಯ ಸೊಬಗೆಲ್ಲ ಮರೆಯಾಗಿ, ಬಿಡಿಬಿಡಿಯಾದ ನೂರಾರು ಚುಕ್ಕೆಗಳು ಉಳಿಯುವುವು. ಅವುಗಳಲ್ಲಿ ಬಹಳಷ್ಟು, ಸತ್ತ ನಕ್ಷತ್ರವೊಂದು ತನ್ನ ಜೊತೆಗಾರ ನಕ್ಷತ್ರದಿಂದ ಅನಿಲವನ್ನು ಸೆಳೆದುಕೊಳ್ಳುವಾಗ ಕಾದು ಬೆಳಗುವ ಜೋಡಿಗಳು. ಗೆಲಾಕ್ಸಿಯ ನಟ್ಟನಡುವೆ ಹತ್ತು ಕೋಟಿ ಸೂರ್ಯರಿಗೂ ಮಿಕ್ಕ ತೂಕದ ಕಪ್ಪುಕುಳಿಯೊಂದುಂಟು. ರೇಡಿಯೋ ತರಂಗಗಳಲ್ಲಿ, ನಕ್ಷತ್ರಗಳು ಮುಗಿದ ಅಂಚಿನ ಆಚೆಗೂ ಹರಡಿಕೊಂಡ ಜಲಜನಕವು ಪತ್ತೆಯಾಗುವುದು. ನೇರಳಾತೀತವನ್ನು ಬಿಟ್ಟಿದ್ದರೆ ಆ ಲೋಕದ ಕೂಸುಗಳನ್ನೂ, ಅವಕೆಂಪನ್ನು ಬಿಟ್ಟಿದ್ದರೆ ಅವು ಹುಟ್ಟುವ ನೆಲೆಯನ್ನೂ, ಕ್ಷ-ಕಿರಣವನ್ನು ಬಿಟ್ಟಿದ್ದರೆ ಗತಿಸಿದವರ ಸ್ಥಿತಿಯನ್ನೂ ನಾವು ಅರಿಯದೆ ಹೋಗುತ್ತಿದ್ದೆವು.

ಆಸ್ಟ್ರೋಸ್ಯಾಟಿನ ಒಂದು ಶೋಧವನ್ನು ಇಲ್ಲಿ ಹೇಳಲೇಬೇಕು. ಹಬಲ್ ದೂರದರ್ಶಕವು ಮೊದಲೇ ಬಹಳ ಆಳವಾಗಿ ಪರಿಶೀಲಿಸಿದ್ದ ಆಕಾಶದ ಒಂದು ಸಣ್ಣ ತುಣುಕನ್ನು ೨೦೧೬ರ ಅಕ್ಟೋಬರಿನಲ್ಲಿ ಆಸ್ಟ್ರೋಸ್ಯಾಟಿನ ನೇರಳಾತೀತ ಯಂತ್ರವು ೨೮ ಗಂಟೆಗೂ ಹೆಚ್ಚು ಕಾಲ ನೋಡಿತು. ದೊರೆತ ಅಂಕೆಗಳನ್ನು ಪುಣೆಯ ಖಗೋಳವಿಜ್ಞಾನ ಕೇಂದ್ರದ ಕನಕ್ ಸಾಹಾ ಅವರ ನೇತೃತ್ವದಲ್ಲಿ ಹಲವು ದೇಶಗಳ ವಿಜ್ಞಾನಿಗಳು ಸುಮಾರು ಎರಡು ವರ್ಷಗಳ ಕಾಲ ಶೋಧಿಸಿ, ಸೋಸಿ, ೨೦೨೦ರ ಆಗಸ್ಟಿನಲ್ಲಿ ಫಲವನ್ನು ಪ್ರಕಟಿಸಿದರು. ೯೩೦ ಕೋಟಿ ವರ್ಷಗಳ ಹಿಂದೆ ಹೊರಟ ಬೆಳಕಿನಲ್ಲಿ, ಒಂದು ಗೆಲಾಕ್ಸಿಯು ಅತ್ಯಂತ ಕಿರಿದಾದ ತರಂಗಾಂತರದ ನೇರಳಾತೀತವನ್ನು ಸೂಸುತ್ತಿದ್ದುದು ಅವರಿಗೆ ಸಿಕ್ಕಿತು. ಹೊರಟಾಗ ಆ ಬೆಳಕಿನ ತರಂಗಾಂತರವು ಸುಮಾರು ೬೦ ನ್ಯಾನೋಮೀಟರು. ವಿಶ್ವವು ಹಿಗ್ಗುತ್ತಿರುವುದರಿಂದ ದಾರಿಯಲ್ಲಿ ಬೆಳಕಿನ ಅಲೆಯೂ ಹಿಗ್ಗುತ್ತ ಬಂದು, ಇಲ್ಲಿಗೆ ಮುಟ್ಟುವ ಹೊತ್ತಿಗೆ ಸುಮಾರು ಎರಡೂವರೆ ಪಟ್ಟಿನಷ್ಟಾಗಿ, ೧೩೦ರಿಂದ ೧೮೦ ನ್ಯಾನೋಮೀಟರುಗಳನ್ನು ನೋಡುವ ನಮ್ಮ ಯಂತ್ರದ ಕೈಗೆ ಸಿಕ್ಕಿಬಿದ್ದಿತು. ಇಂತಹ ಕಿರಿಯ ತರಂಗಗಳನ್ನು ಜಲಜನಕವು ಕಂಡಲ್ಲಿ ಹೀರಿಬಿಡುವುದರಿಂದ ಅವು ಗೆಲಾಕ್ಸಿಯಿಂದ ತಪ್ಪಿಸಿಕೊಂಡು ಹೊರಗೆ ಬರುವುದೇ ಅಪರೂಪ. ವಿಶ್ವದ ಬಾಲ್ಯದಲ್ಲಿ ಎಲ್ಲೆಡೆ ಕವಿದಿದ್ದ ಜಲಜನಕದ ಮಂಜನ್ನು ತೆರೆದು ತಿಳಿಮಾಡಿದ್ದು ಇಂತಹ ಬೆಳಕೇ ಎಂದು ವಿದ್ವಾಂಸರು ಎಣಿಸುವುದರಿಂದ ಈ ಶೋಧಕ್ಕೆ ಬೆಲೆ ಬಂದಿತು.

ಆಸ್ಟ್ರೋಸ್ಯಾಟಿಗಿಂತ ಆರು ಪಟ್ಟು ಅಗಲದ ಕನ್ನಡಿಯುಳ್ಳ ಹಬಲ್‌ಗೆ ಈ ಕ್ಷೀಣವಾದ ಬೆಳಕು ಸಿಕ್ಕಿರಲಿಲ್ಲ. ನಮ್ಮ ಯಂತ್ರದಲ್ಲಿ ಹಿನ್ನೆಲೆಯ ಗದ್ದಲವು ಅತ್ಯಲ್ಪವಾದುದು ಇದಕ್ಕೆ ಮುಖ್ಯ ಕಾರಣವೆಂದು ಶೋಧಕರು ಹೇಳಿದ್ದಾರೆ. ನಿಶ್ಶಬ್ದವಾದ ಕೋಣೆಯಲ್ಲಿ ಪಿಸುಮಾತೂ ಕೇಳಿಸುವುದು. ಸಂತೆಯಲ್ಲಿ ಕೂಗಿದರೂ ಕೇಳಿಸದು. ದೊಡ್ಡದರ ಮುಂದೆ ಚಿಕ್ಕದು ವ್ಯರ್ಥವಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ನಮ್ಮ ತರಗತಿಗಳಿಗೆ ದೊರೆಯಲಾರದು.

ಈಗ ಬಣ್ಣದ ಪ್ರಶ್ನೆ. ಉಪಗ್ರಹದ ಯಂತ್ರವು ಚಿತ್ರವನ್ನು ಕಳುಹಿಸುವುದಿಲ್ಲ. ಅದು ಕಳುಹಿಸುವುದು ಅಂಕೆಗಳನ್ನು. ಆಕಾಶದ ಇಂತಹ ಬಿಂದುವಿನಿಂದ, ಇಂತಹ ಸೋಸುಗಾಜಿನ ಮೂಲಕ, ಇಷ್ಟು ಬೆಳಕು ಬಂದಿತೆಂಬುದೇ ಆ ಲೆಕ್ಕ. ಪ್ರತಿಯೊಂದು ಸೋಸುಗಾಜಿನ ಲೆಕ್ಕವೂ ಮೊದಲಿಗೆ ಕಪ್ಪುಬಿಳುಪಿನ ಒಂದು ಪಟವಾಗುವುದು. ಬಳಿಕ ಇಂತಹ ಹಲವು ಪಟಗಳಿಗೆ ಒಂದೊಂದು ಬಣ್ಣವನ್ನು ಗೊತ್ತುಮಾಡಿ ಒಂದರ ಮೇಲೊಂದನ್ನು ಇಡುವರು. ಸಾಮಾನ್ಯವಾಗಿ ತರಂಗಾಂತರವು ಹೆಚ್ಚಾದುದಕ್ಕೆ ಕೆಂಪನ್ನೂ, ಕಡಿಮೆಯಾದುದಕ್ಕೆ ನೀಲಿಯನ್ನೂ ಕೊಡುವರು. ಕಾಮನಬಿಲ್ಲಿನಲ್ಲಿರುವ ಕ್ರಮವೇ ಇದು. ಮತ್ತೆ ಹಾರ್ಮೋನಿಯಂ ಪೆಟ್ಟಿಗೆಗೆ ಬರೋಣ. ಒಂದು ಕೀರ್ತನೆಯ ಶ್ರುತಿಯು ನಮ್ಮ ಕಂಠಕ್ಕೆ ನಿಲುಕದಷ್ಟು ಮೇಲಿದ್ದರೆ ನಾವು ಶ್ರುತಿಯನ್ನು ಇಳಿಸಿ ಹಾಡುವೆವು. ಆಗ ಒಂದೊಂದು ಸ್ವರವೂ ಬೇರೆಯಾಯಿತು, ನಿಜ. ಆದರೆ ಸ್ವರಸ್ವರಗಳ ನಡುವಣ ಸಂಬಂಧವು ಕೆಡಲಿಲ್ಲವಾದ್ದರಿಂದ ರಾಗವು ಅದೇ ಆಗಿ ಉಳಿಯಿತು. ಕಣ್ಣಿಗೆ ನಿಲುಕದ ಬೆಳಕನ್ನು ಕಣ್ಣಿನ ಸಪ್ತಕಕ್ಕೆ ತಂದು ತೋರಿಸುವುದೂ ಇದೇ ಬಗೆಯ ಕೆಲಸ.

ಆದುದರಿಂದ ‘ಈ ಬಣ್ಣಗಳು ನಿಜವೇ’ ಎಂದು ಮಗಳು ಕೇಳಿದರೆ, ಹೌದೆಂದಾಗಲಿ ಅಲ್ಲವೆಂದಾಗಲಿ ಒಂದೇ ಮಾತಿನಲ್ಲಿ ಮುಗಿಸಬಾರದು. ಅಲ್ಲಿಗೆ ಹೋಗಿ ನಿಂತರೆ ನಮ್ಮ ಕಣ್ಣಿಗೆ ಹಾಗೆಯೇ ಕಾಣುವುದೆಂದು ಹೇಳಿದರೆ ಅದು ತಪ್ಪು. ಬಣ್ಣ ಬಳಿದ ಕಟ್ಟುಕಥೆಯೆಂದು ಹೇಳಿದರೆ ಅದೂ ತಪ್ಪು. ಎಲ್ಲಿ ನೀಲಿಯುಂಟೋ ಅಲ್ಲಿ ಒಂದು ಬಗೆಯ ಬೆಳಕು ನಿಜವಾಗಿಯೂ ಹೆಚ್ಚಾಗಿ ಬಂದಿದೆ. ಎಲ್ಲಿ ಕೆಂಪುಂಟೋ ಅಲ್ಲಿ ಮತ್ತೊಂದು ಬಗೆಯದು ಬಂದಿದೆ. ಯಾವ ಚಿತ್ರವನ್ನೇ ನೋಡಲಿ, ಮಕ್ಕಳು ಮೂರು ಮಾತುಗಳನ್ನು ವಿಚಾರಿಸಲಿ: ಇದನ್ನು ಕಂಡ ದೂರದರ್ಶಕ ಯಾವುದು? ಅದು ಕಂಡದ್ದು ಯಾವ ಬೆಳಕನ್ನು? ಯಾವ ಬೆಳಕಿಗೆ ಯಾವ ಬಣ್ಣವನ್ನು ಕೊಟ್ಟಿದ್ದಾರೆ? ಈ ಮೂರನ್ನೂ ಒಳ್ಳೆಯ ವೀಕ್ಷಣಾಲಯಗಳು ಚಿತ್ರದ ಕೆಳಗೆ ಬರೆದೇ ಇರುವುವು. ಬರೆಯದೆ ಬರಿಯ ಚಿತ್ರವನ್ನು ಕೊಟ್ಟಲ್ಲಿ ಸಂದೇಹಪಡುವುದು ನ್ಯಾಯ.

ಎಲ್ಲ ಬೆಳಕುಗಳನ್ನೂ ಕೂಡಿಸಿದ ಮೇಲೆ ಗೆಲಾಕ್ಸಿಯನ್ನು ಪೂರ್ಣವಾಗಿ ಅರಿತಂತಾಯಿತೇ? ಅದೂ ಇಲ್ಲ. ೧೯೭೦ರಲ್ಲಿ ಅಮೆರಿಕದ ವೀರಾ ರೂಬಿನ್ ಎಂಬ ವಿಜ್ಞಾನಿಯು ತನ್ನ ಸಹೋದ್ಯೋಗಿ ಕೆಂಟ್ ಫೋರ್ಡನೊಡನೆ ಆಂಡ್ರೊಮೀಡಾವು ತಿರುಗುವ ವೇಗವನ್ನು ಅಳೆದು ಪ್ರಕಟಿಸಿದಳು. ನಡುವಿನಿಂದ ದೂರವಾದಂತೆ ವೇಗವು ತಗ್ಗಬೇಕೆಂದು ಎಣಿಸಿದ್ದಲ್ಲಿ ಅದು ಹಾಗೆ ತಗ್ಗಲಿಲ್ಲ. ಕಾಣುವ ನಕ್ಷತ್ರ, ಅನಿಲ, ಧೂಳುಗಳ ತೂಕವು ಅಷ್ಟು ವೇಗವನ್ನು ಹಿಡಿದಿಡಲು ಸಾಲದು. ಇಂತಹ ಅಳತೆಗಳಿಂದ, ಯಾವ ಬೆಳಕನ್ನೂ ಸೂಸದ ದ್ರವ್ಯವು ಗೆಲಾಕ್ಸಿಗಳಲ್ಲಿ ಬಹಳವಾಗಿರಬೇಕೆಂದು ವಿಜ್ಞಾನಿಗಳು ತೀರ್ಮಾನಿಸಿದ್ದಾರೆ. ಅದು ಏನೆಂಬುದು ಇಂದಿಗೂ ಯಾರಿಗೂ ತಿಳಿಯದು. ಇಷ್ಟು ಕಣ್ಣುಗಳನ್ನು ತೆರೆದ ಮೇಲೆಯೂ ಮನುಷ್ಯನು ವಿನಯದಿಂದಿರಲು ಕಾರಣವುಂಟು.

ತಿಳಿಯದಿರುವುದನ್ನು 
ತಿಳಿಯುವ ಕೆಲಸವು ಮುಂದಿನವರದು. ಅವರಲ್ಲಿ ನಮ್ಮ ಹೆಣ್ಣುಮಕ್ಕಳೂ ಇರಲೆಂಬುದೇ ನಮ್ಮ ಆಸೆ. ಮೇಲೆ ಹೇಳಿದ ನ್ಯಾನ್ಸಿ ರೋಮನ್ ಪ್ರೌಢಶಾಲೆಯಲ್ಲಿದ್ದಾಗ ಲ್ಯಾಟಿನ್ ಭಾಷೆಗೆ ಬದಲಾಗಿ ಬೀಜಗಣಿತವನ್ನು ಓದುವೆನೆಂದು ಕೇಳಿಕೊಂಡಾಗ, ಹೆಂಗಸಾದವಳು ಗಣಿತವನ್ನೇಕೆ ಆರಿಸುವಳೆಂದು ಅಲ್ಲಿಯ ಸಲಹೆಗಾರ್ತಿಯೇ ಹೀಗಳೆದಳಂತೆ. ಆಕೆಯ ಹೆಸರಿನ ಒಂದು ದೊಡ್ಡ ದೂರದರ್ಶಕವನ್ನು ನಾಸಾ ಸಂಸ್ಥೆಯವರು ಈಗ ನಿರ್ಮಿಸಿದ್ದಾರೆ. ನಮ್ಮ ನಾಡಿನಲ್ಲಿಯೇ, ಆಸ್ಟ್ರೋಸ್ಯಾಟಿನ ನೇರಳಾತೀತ ಯಂತ್ರದ ಅಳತೆಗಳನ್ನು ಸರಿಹೊಂದಿಸುವ ಹೊಣೆಯನ್ನು ಹೊತ್ತಿದ್ದ ಅನ್ನಪೂರ್ಣಿ ಸುಬ್ರಮಣಿಯಂ ಅವರು ೨೦೧೯ರಲ್ಲಿ ಬೆಂಗಳೂರಿನ ಖಗೋಳಭೌತ ಸಂಸ್ಥೆಯ ನಿರ್ದೇಶಕಿಯಾದರು. ಆಸ್ಟ್ರೋಸ್ಯಾಟ್ ಕೂಡಿಸಿದ ಅಂಕೆಗಳು ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿ ಸಂಗ್ರಹವಾಗಿದ್ದು, ಗೊತ್ತುಪಡಿಸಿದ ಅವಧಿಯು ಕಳೆದ ಮೇಲೆ ಅವು ಎಲ್ಲರಿಗೂ ತೆರೆದಿರುವುವು. ಅವನ್ನು ಪಡೆದು ಶೋಧಿಸಲು ಉಪಗ್ರಹದ ಒಡೆತನ ಬೇಡ. ಗಣಿತವೂ ಭೌತವಿಜ್ಞಾನವೂ ತಾಳ್ಮೆಯೂ ಬೇಕು.

ಹತ್ತನೆಯ ತರಗತಿ ಮುಗಿದೊಡನೆ ‘ಹುಡುಗಿಗೆ ಗಣಿತವೇಕೆ, ದೂರಕ್ಕೆ ಕಳುಹಿಸುವುದೆಂತು’ ಎಂದು ಯೋಚಿಸುವ ತಾಯಿತಂದೆಗಳ ಚಿಂತೆಯನ್ನು ನಾವು ಬಲ್ಲೆವು. ಅದು ಹುಸಿಯಾದ ಚಿಂತೆಯಲ್ಲ. ಆದರೆ ೨೦೦೯ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಇಂದು ನಮ್ಮ ಕಡಗಂಚಿಯಲ್ಲಿಯೇ, ಈ ತೊಗರಿಯ ಹೊಲಗಳ ನಡುವೆಯೇ ಇದೆ. ಭೌತವಿಜ್ಞಾನವನ್ನು ಕಲಿಯಲು ನಮ್ಮ ಹುಡುಗಿಯರು ಈಗ ಸೀಮೆಯನ್ನು ದಾಟಬೇಕಾಗಿಲ್ಲ. ಒಂದೇ ಬೆಳಕಿನಲ್ಲಿ ನೋಡಿದರೆ ಗೆಲಾಕ್ಸಿಯ ಅರ್ಧವೂ ಕಾಣದೆಂಬುದನ್ನು ಇಷ್ಟು ಹೊತ್ತು ವಿವರಿಸಿದೆವು. ಮನೆಯ ಮಗಳನ್ನೂ ಅಡುಗೆಯ ಜಾಣ್ಮೆ, ನಡತೆಯ ಸೊಗಸು ಎಂಬ ಒಂದೆರಡು ಬೆಳಕುಗಳಲ್ಲಿ ಮಾತ್ರ ನೋಡಿ ಅಳೆಯದೆ, ಆಕೆಯ ಬುದ್ಧಿಯ ಬೆಳಕಿನಲ್ಲಿಯೂ ಒಮ್ಮೆ ನೋಡಿರೆಂದು ಪೋಷಕರಲ್ಲಿ ಬಿನ್ನವಿಸಿಕೊಂಡು, ನಮ್ಮ ಹಳೆಯ ವಿದ್ಯಾರ್ಥಿನಿಯರ ಮನೆಗಳಿಗೆಲ್ಲ ದೇವರ ಆಶೀರ್ವಾದವನ್ನು ಕೋರುತ್ತ ಈ ಲೇಖನವನ್ನು ಮುಗಿಸುವೆವು.